ಹೊಸ್ತಿಲ ರೊಟ್ಟಿ

"ಹೋದವನನ್ನ ಹೋದ ಅಂತ ಯಾವಾಗ ಅನ್ನಬೇಕು?"

ಕನಿಶಾಯ್ ಕೇಳಿದ್ದು ಯಾರನ್ನೂ ಅಲ್ಲ. ಒಲೆಯ ಬೂದಿ ಗೋರುತ್ತ, ಬೂದಿಯನ್ನೇ ನೋಡುತ್ತ ಕೇಳಿದಳು. ಒಳಕೋಣೆಯಲ್ಲಿ ಅವಳ ಗಂಡ ಸಗಿನ್ ಚೀಲ ತುಂಬುತ್ತ ಏನೋ ಗುನುಗುತ್ತಿದ್ದ. ಬಂದಿದ್ದ, ಉಂಡಿದ್ದ, ಮಲಗಿದ್ದ, ಅಂಗಿಗಳನ್ನೆಲ್ಲ ಒಗೆಸಿಕೊಂಡಿದ್ದ. ಈಗ ಮತ್ತೆ ಬಾಲಿಕ್ಚಿ ಪಟ್ಟಣಕ್ಕೆ ಹೊರಟಿದ್ದ. ಇನ್ನು ಹಿಮ ಬಿದ್ದ ಮೇಲೇ ಅವನ ಮುಖ.

ಉತ್ತರ ಹೇಳಬೇಕಾದವರು ಕಂಬಳಿಯ ಮೇಲೆ ಕೂತು ಚಹಾದ ಬಟ್ಟಲನ್ನು ಕೈಯಲ್ಲೇ ತಿರುಗಿಸುತ್ತಿದ್ದರು. ಊರಿನ ಕ್ರೈಸ್ತ ಸಭೆಯ ಹಿರಿಯರಾದ ಓರ್ಮೋನ್. ಅವಳೇ ಅವರನ್ನು ಕರೆಸಿದ್ದಳು.

"ವಾಕ್ಯ ನಿನಗೂ ಬಾಯಿಪಾಠ ಇದೆಯಲ್ಲ ತಂಗಿ," ಎಂದರು. ವೀರಗಾಥೆ ಹಾಡುವ ಅಜ್ಜನ ಮಗ್ಗುಲಲ್ಲಿ ಬೆಳೆದವರು. ಪವಿತ್ರ ವಾಕ್ಯವನ್ನೂ ರಾಗವಾಗಿಯೇ ಹೇಳುತ್ತಿದ್ದರು. "ನಂಬದ ಗಂಡ ಜೊತೆಗಿರೋಕೆ ಒಪ್ಪಿದ್ರೆ ಹೆಂಡ್ತಿ ಅವನನ್ನ ಬಿಡಬಾರದು. ಅವನೇ ಬಿಟ್ಟುಹೋದ್ರೆ ಹೋಗ್ಲಿ, ಆಮೇಲೆ ಅವಳಿಗೆ ಕಟ್ಟಿಲ್ಲ. ಅಪೊಸ್ತಲ ಪೌಲ ಹೇಳಿದ್ದು ಇಷ್ಟೇ."

"ಇವನು ಬಿಟ್ಟುಹೋಗಿಲ್ವಾ ಅಣ್ಣ? ವರ್ಷಕ್ಕೆ ಎರಡು ಸಲ ಬಂದು ಹೊಟ್ಟೆ ತುಂಬಿಸ್ಕೊಂಡು ಹೋಗೋನನ್ನ ಗಂಡ ಅಂತಾರಾ, ನೆಂಟ ಅಂತಾರಾ?"

"ಹೋಗೋವಾಗ ಹೊಸ್ತಿಲಲ್ಲಿ ರೊಟ್ಟಿ ಕಚ್ಚಿ ಹೋಗ್ತಾನಲ್ಲಮ್ಮ. ನಮ್ಮ ಕಿರ್ಗಿಜರಲ್ಲಿ ರೊಟ್ಟಿ ಕಚ್ಚಿದವನು ತಿರುಗಿ ಬರ್ತೀನಿ ಅಂತ ಮಾತು ಕೊಟ್ಟ ಹಾಗೆ. ಮಾತು ಕೊಟ್ಟವನನ್ನ ಬಿಟ್ಟುಹೋದವನು ಅಂತ ಯಾವ ಬಾಯಲ್ಲಿ ತೀರ್ಪು ಹೇಳ್ಲಿ?"

"ಪೌಲ ಈ ರೊಟ್ಟಿ ವಿಷಯ ಎಲ್ಲಿ ಹೇಳಿದಾನೆ?"

"ಪೌಲ ಕಿರ್ಗಿಜನಲ್ಲ," ಎಂದುಬಿಟ್ಟರು ಹಿರಿಯರು. ಅಂದ ಮೇಲೆ ತಾವೇ ಮುಜುಗರಪಟ್ಟು, ಆರಿದ ಚಹಾವನ್ನು ಗಟಗಟ ಕುಡಿದರು.

ಕನಿಶಾಯ್ ಬೂದಿಯ ಬಕೆಟ್ಟನ್ನು ದಡಕ್ಕನೆ ಇಟ್ಟಳು. ಇದೇ ತೀರ್ಪನ್ನು ಅವಳು ಹೋದ ಸಲವೂ ಕೇಳಿದ್ದಳು, ಅದರ ಹಿಂದಿನ ಸಲವೂ. ಮದುವೆಯಾದ ಮೇಲೆ ಅವಳು ಕರ್ತನನ್ನು ನಂಬಿದಳು. ಸಗಿನ್ ನಂಬಲಿಲ್ಲ, ಬೇಡವೆನ್ನಲೂ ಇಲ್ಲ. ಅವನ ಸ್ವಭಾವವೇ ಹಾಗೆ. ಈಗ ಕೊಚ್ಕೋರ್ ಊರಿನ ಸಭೆಯ ಒಬ್ಬ ವಿಧುರ, ಜೇನು ಸಾಕುವವನು, ಮದುವೆಗೆ ಅವಳನ್ನು ಕೇಳಿ ಕಳುಹಿಸಿದ್ದ. ಕೋರ್ಟು ಬಿಡುಗಡೆ ಕೊಡಲು ಸಿದ್ಧವಿತ್ತು. ಅವಳಿಗೆ ಬೇಕಾದದ್ದು ಸಭೆಯ ಬಾಯಿಂದ ಒಂದು ಮಾತು: ನಿನಗೆ ಕಟ್ಟಿಲ್ಲ. ಆ ಮಾತಿಲ್ಲದೆ ಮದುವೆಯಾದರೆ, ಸಭೆಯವರೆಲ್ಲ ಕೂಡಿ ರೊಟ್ಟಿ ಮುರಿಯುವ ಕರ್ತನ ಭೋಜನದಲ್ಲಿ ಅವಳಿಗೆ ಪಾಲಿಲ್ಲ. ಆ ಪಾಲನ್ನು ಬಿಟ್ಟು ಸುಖಪಡುವುದು ಅವಳಿಗೆ ಬರುತ್ತಿರಲಿಲ್ಲ.

ಸಗಿನ್ ಚೀಲ ಹೆಗಲಿಗೇರಿಸಿಕೊಂಡು ಹೊರಗೆ ಬಂದ. "ಏನು ಹಿರಿಯರೇ, ಮತ್ತೆ ನನ್ನ ವಿಚಾರಣೆನಾ?"

"ನೆಟ್ಟಗೆ ಹೇಳಪ್ಪ. ಇವಳ ಜೊತೆ ಬಾಳೋಕೆ ಮನಸ್ಸಿದೆಯಾ, ಇಲ್ವಾ?"

"ಇಲ್ಲ ಅಂತ ಯಾವತ್ತು ಅಂದೆ? ಇವಳ ಕೈರುಚಿ ಇಡೀ ಬಾಲಿಕ್ಚಿಲಿ ಸಿಗಲ್ಲ."

"ಹಾಗಾದ್ರೆ ಇರು."

"ಇರ್ತೀನಲ್ಲ. ಹೋಗ್ತಾ ಬರ್ತಾ ಇರ್ತೀನಿ."

"ಹೋಗ್ತಾ ಬರ್ತಾ ಇರೋಕೆ ನೀನೇನು ಜ್ವರಾನಾ?" ಎಂದಳು ಕನಿಶಾಯ್.

ಓರ್ಮೋನ್ ಹಣೆ ಹಿಡಿದುಕೊಂಡರು. "ಹೌದಾದ್ರೆ ಹೌದು, ಅಲ್ಲವಾದ್ರೆ ಅಲ್ಲ ಅನ್ನೋ ಒಬ್ಬ ಮನುಷ್ಯನನ್ನ ಈ ಊರಲ್ಲಿ ನನಗೆ ತೋರಿಸಬಾರದಾ ತಂದೆಯೇ!"

ಹೊರಗೆ ಮಿನಿಬಸ್ಸು ಹಾರನ್ ಹೊಡೆಯಿತು. ಸಗಿನ್ ಬೂಟು ಮೆಟ್ಟಿದ, ಟೋಪಿ ಸರಿಮಾಡಿಕೊಂಡ, ಹೊಸ್ತಿಲಲ್ಲಿ ನಿಂತು ತಿರುಗಿ ನೋಡದೆಯೇ ಕೈಯನ್ನು ಹಿಂದಕ್ಕೆ ಚಾಚಿದ. ಪ್ರತಿ ಸಲ ಆ ಕೈಗೆ ತುಣುಕು ರೊಟ್ಟಿ ಬರುತ್ತಿತ್ತು. ಈ ಸಲ ಕೈ ಹಾಗೇ ಗಾಳಿಯಲ್ಲಿ ನಿಂತಿತು.

ತಿರುಗಿದ. ಬೆಳಗ್ಗೆ ಸುಟ್ಟ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಎದೆಗೆ ಒತ್ತಿಕೊಂಡು ಕನಿಶಾಯ್ ನಿಂತಿದ್ದಳು.

"ಕೊಡೇ, ಗಾಡಿ ಹೊರಡ್ತಿದೆ."

ಅವಳು ಕದಲಲಿಲ್ಲ.

"ರೊಟ್ಟಿ ಮುಟ್ಟದೆ ಹೊಸ್ತಿಲು ದಾಟಿಸ್ತೀಯಾ? ಕೇಳಿದವರು ಉಗೀತಾರೆ ಕಣೇ." ನಗುತ್ತಲೇ ಅಂದ. ಆದರೆ ನಗು ಕಣ್ಣಿನವರೆಗೆ ಏರಲಿಲ್ಲ.

"ದಾಟಬೇಡ," ಎಂದಳು. "ಚೀಲ ಇಳಿಸು, ಬೂಟು ಬಿಚ್ಚು, ಇವತ್ತಿಂದ ಇಲ್ಲೇ ಇದ್ದುಬಿಡು. ಇಡೀ ರೊಟ್ಟಿ ನಿಂದೇ. ಕೊಚ್ಕೋರಿನವನಿಗೆ ಬೇಡ ಅಂತ ನಾನೇ ಹೇಳಿ ಕಳಿಸ್ತೀನಿ. ದೇವರ ಮುಂದೆ ಹೇಳ್ತಿದೀನಿ, ಇನ್ನೊಂದು ಮಾತೆತ್ತಲ್ಲ."

ಸಗಿನ್ ಅವಳ ಮುಖ ನೋಡಿದ. ಹೊರಗಿನ ಮಿನಿಬಸ್ಸು ನೋಡಿದ. ಹೆಗಲ ಮೇಲಿನ ಚೀಲವನ್ನು ಆ ಹೆಗಲಿನಿಂದ ಈ ಹೆಗಲಿಗೆ ಬದಲಿಸಿದ. ಕೆಳಗಿಳಿಸಲಿಲ್ಲ.

ಹಾರನ್ ಮತ್ತೊಮ್ಮೆ ಕೂಗಿತು. ಓರ್ಮೋನ್ ಗಡಬಡಿಸಿ ಎದ್ದರು. ಸಭೆಯ ಹಿರಿಯರಾಗಿಯೋ, ಈ ಮಣ್ಣಿನ ಮುದುಕನಾಗಿಯೋ, ಅವರಿಗೇ ಗೊತ್ತಿರಲಿಲ್ಲ. "ಕನಿಶಾಯ್, ಹಸಿದವನು ಶತ್ರುವಾದ್ರೂ ಉಣ್ಣೋಕೆ ಕೊಡು ಅಂತ ವಾಕ್ಯ ಇದೆ. ಒಂದು ತುಣುಕು ಕೊಟ್ಟುಬಿಡಮ್ಮ. ನನ್ನ ಬಿಳಿ ಗಡ್ಡ ನೋಡಿ ಕೊಡು. ನಾನು ಬೇಡ್ಕೋತೀನಿ."

"ಹಸಿದವನಿಗಾದ್ರೆ ಕೊಡ್ತಿದ್ದೆ ಅಣ್ಣ," ಎಂದಳು. "ಇವನು ಈಗ ತಾನೇ ಉಂಡಿದಾನೆ. ಹೋಗೋದಾದ್ರೆ ಮಾತು ಕೊಡದೆ ಹೋಗ್ಲಿ. ಕೊಡಲ್ಲ."