ಗುಂಡ್ಲುಪೇಟೆಯಲ್ಲಿ ಕಾದಿರುವವನು

ಸೋಮೇಶ್ ತಲೆ ತಗ್ಗಿಸಿ ಎತ್ತರದ ಹುಡುಗನೊಬ್ಬನ ಬೆನ್ನ ಹಿಂದೆ ಸರಿದ. ನೂರಾರು ಸೈಕಲ್ಲುಗಳ ನಡುವೆ ಅವನ ಕಣ್ಣಿದ್ದದ್ದು ಒಂದೇ ಒಂದು ಹಳದಿ ಅಂಗಿಯ ಮೇಲೆ. ಅದನ್ನು ತೊಟ್ಟಿದ್ದವಳು ಅವನ ಹೆಂಡತಿ ಶಶಿರೇಖಾ. ಚಾಮರಾಜನಗರದಿಂದ ಗುಂಡ್ಲುಪೇಟೆಯವರೆಗಿನ ಸೈಕಲ್ ಸವಾರಿ ಇನ್ನೇನು ಹೊರಡಲಿತ್ತು. ಅಂಗಡಿಗೆ ಗೊಬ್ಬರದ ಲಾರಿ ಬರುತ್ತದೆಂದು ಸುಳ್ಳು ಹೇಳಿ ಅವನು ಮನೆಯಿಂದ ಹೊರಬಿದ್ದಿದ್ದ.

ಮುಖಕ್ಕೆ ಮಾಸ್ಕ್, ತಲೆಗೆ ಹೆಲ್ಮೆಟ್. ತನ್ನ ಹೆಸರು ಕೊಟ್ಟರೆ ಅವಳಿಗೆ ಗೊತ್ತಾದೀತೆಂದು ದೊಡ್ಡಪ್ಪನ ಹೆಸರು ಬರೆಸಿದ್ದ. ಹಾಗಾಗಿ ಎದೆಯ ಮೇಲಿನ ಚೀಟಿಯಲ್ಲಿ 'ಮರಿಮಲ್ಲಪ್ಪ, ಹಿರಿಯ ನಾಗರಿಕರು' ಎಂದಿತ್ತು.

"ಅಜ್ಜೋ, ಆಯ್ತದಾ ನಿನ್ ಕೈಲಿ?" ಎತ್ತರದ ಹುಡುಗ ತಿರುಗಿ ಕೇಳಿದ.

"ನಿನ್ ಕೆಲ್ಸ ನೋಡ್ಕಳ್ಲಾ," ಎಂದ ಸೋಮೇಶ್.

ಶಿಳ್ಳೆ ಮೊಳಗಿತು. ಹಳದಿ ಅಂಗಿ ಹೊರಟಿತು. ಅವನೂ ಹೊರಟ.

ಈ ಅನುಮಾನವನ್ನು ಅವನ ತಲೆಗೆ ಹಾಕಿದ್ದು ಅವನ ತಾಯಿ ಪುಟ್ಟಬಸಮ್ಮ. ಮೂರು ತಿಂಗಳ ಹಿಂದೆ ಶಶಿರೇಖಾ ಇದ್ದಕ್ಕಿದ್ದಂತೆ ಸೈಕಲ್ ಕೊಂಡು, ದಿನಾ ಬೆಳಿಗ್ಗೆ ಅಭ್ಯಾಸಕ್ಕೆಂದು ಹೋಗತೊಡಗಿದ್ದಳು. "ಅದೆಲ್ಲಿಗೆ ಓಯ್ತಳೋ, ಯಾರ್ ಸಂಗ್ಡ ಮಾತಾಡ್ತಳೋ, ನಾನಂತೂ ಏನೂ ಏಳಕಿಲ್ಲಪ್ಪ," ಎಂದು ತಾಯಿ ಕಾಫಿ ಲೋಟ ಕೈಗಿಟ್ಟಿದ್ದಳು. ಸೋಮೇಶ್ ಲೋಟವನ್ನು ಹಾಗೇ ಕೆಳಗಿಟ್ಟ.

ಮರುದಿನ ಅವನು ಸ್ಕೂಟರ್ ತೆಗೆದ. ತಾಯಿಯೇ ತಡೆದಳು. "ಸದ್ದಾದ್ರೆ ತಿರ್ಗಿ ನೋಡಕಿಲ್ವೇನ್ಲಾ? ನಿಮ್ಮಪ್ಪನ ಸೈಕಲ್ ಐತಲ್ಲ, ಅದ್ರಲ್ಲಿ ಓಗು."

ಮೊದಲ ದಿನ ಊರು ದಾಟುವಷ್ಟರಲ್ಲೇ ಅವನು ಮೈಲಿಗಲ್ಲಿನ ಮೇಲೆ ಕುಸಿದು ಕುಳಿತ. ಅಂಗಡಿಯ ಕುರ್ಚಿಯಲ್ಲಿ ಕೂತು ಕೂತು ಬೆಳೆಸಿದ ಹೊಟ್ಟೆ ತೊಡೆಗೆ ತಾಗುತ್ತಿತ್ತು. ಹೆಂಡತಿ ಅವನಿಗಿಂತ ಐದೇ ವರ್ಷಕ್ಕೆ ಚಿಕ್ಕವಳು. ಆದರೂ ಹುಡುಗಿಯಂತೆ ತುಳಿಯುತ್ತ ಹೋಗಿಬಿಟ್ಟಿದ್ದಳು. ಇಂಥ ಗಂಡ ಅವಳಿಗೆ ಸಾಕಾಗಿರಬೇಕು ಎಂದು ಅಂದು ಮೊದಲ ಬಾರಿಗೆ ಅನ್ನಿಸಿತು. ಮನೆಯ ಮೆಟ್ಟಿಲು ಹತ್ತಲು ತಾನು ಏದುಸಿರು ಬಿಡುವಾಗ ಅವಳು ನಿಂತು ನೋಡುತ್ತಿದ್ದುದು ನೆನಪಾಯಿತು.

ಆಮೇಲೆ ಅವನು ಒಂದು ದಿನವೂ ಬಿಡಲಿಲ್ಲ. ಒಂದು ವಾರ ಕಳೆದು ರಾಮಸಮುದ್ರ ದಾಟಿದ. ತಿಂಗಳಾಗುವಷ್ಟರಲ್ಲಿ ಚಂದಕವಾಡಿ ಮುಟ್ಟಿದ. ಅವಳು ಯಾರನ್ನೂ ಭೇಟಿಯಾಗಲಿಲ್ಲ. ಎಲ್ಲಾದರೂ ಹುಣಸೆಮರ ಕಂಡರೆ ನಿಲ್ಲುವಳು, ನೀರು ಕುಡಿಯುವಳು, ಅವನ ಉಸಿರು ತಹಬಂದಿಗೆ ಬರುವ ಹೊತ್ತಿಗೆ ಮತ್ತೆ ಹೊರಡುವಳು. ಹಿಂದೆ ಮಾತ್ರ ತಿರುಗುತ್ತಿರಲಿಲ್ಲ. ಎಂಥ ಜಾಣೆ ಎಂದು ಹಲ್ಲು ಕಚ್ಚುತ್ತಿದ್ದ.

ಕಳೆದ ವಾರ ಅಡುಗೆಮನೆಯಲ್ಲಿ ಅವಳು ಫೋನಿನಲ್ಲಿ ಆಡಿದ ಮಾತು ಕಿವಿಗೆ ಬಿತ್ತು. "ಇಲ್ಲ ಸರ್, ಅವರಿಗೆ ಒಂಚೂರೂ ಗೊತ್ತಿಲ್ಲ. ನೀವು ಹೇಳಿದಂಗೇ ಮಾಡ್ತಿದ್ದೀನಿ. ಭಾನುವಾರ ಗುಂಡ್ಲುಪೇಟೆಲಿ ಕಣ್ಣಾರೆ ನೋಡುವಿರಂತೆ." ಅವಳು ಸ್ನಾನಕ್ಕೆ ಹೋದಾಗ ಮೊಬೈಲ್ ನೋಡಿದ. ಚಂದ್ರಕುಮಾರ್. ಆ ಹೆಸರಿನವರು ನೆಂಟರಲ್ಲೂ ಇಲ್ಲ, ಗಿರಾಕಿಗಳಲ್ಲೂ ಇಲ್ಲ.

ಈಗ ಬಿಸಿಲೇರಿತ್ತು. ಗೇರ್ ಸೈಕಲ್ಲಿನವರು ಸರ್ರನೆ ಮುಂದೆ ಹೋಗುತ್ತಿದ್ದರು. ಹಳದಿ ಅಂಗಿ ಮಾತ್ರ ಎಲ್ಲರಿಗೂ ದಾರಿ ಬಿಟ್ಟು ನಿಧಾನವಾಗಿ ಸಾಗುತ್ತಿತ್ತು. ತೆರಕಣಾಂಬಿಗೆ ಮುಂಚಿನ ಏರಿನಲ್ಲಿ ಅವಳು ಇಳಿದು ಸೈಕಲ್ ತಳ್ಳತೊಡಗಿದಳು. ಇದಕ್ಕಿಂತ ಕಡಿದಾದ ಏರನ್ನು ಅವಳು ಕೂತೇ ಹತ್ತಿದ್ದನ್ನು ಅವನು ನೋಡಿದ್ದ. ಆ ಚಂದ್ರಕುಮಾರನಿಗೆ ಫೋನ್ ಮಾಡಲಿಕ್ಕೇ ಇಳಿದಿದ್ದಾಳೆ! ಸೋಮೇಶನೂ ಇಳಿದ. ಅವಳು ಫೋನ್ ತೆಗೆಯಲಿಲ್ಲ.

ತೆರಕಣಾಂಬಿಯ ನೀರಿನ ಪೆಂಡಾಲಿನಲ್ಲಿ ಅವಳು ಸ್ವಯಂಸೇವಕಿಯೊಬ್ಬಳ ಕಿವಿಯಲ್ಲಿ ಏನೋ ಉಸುರಿ ಹೊರಟುಹೋದಳು. ಸೋಮೇಶ್ ನಿಲ್ಲದೆ ಹಾಯುತ್ತಿದ್ದಂತೆ ಆ ಹುಡುಗಿ ಅಡ್ಡ ಬಂದು ಹ್ಯಾಂಡಲ್ ಹಿಡಿದಳು.

"ಉಪ್ಪು-ಸಕ್ಕರೆ ನೀರು ಕುಡೀದೆ ಬುಡಕಿಲ್ಲ ಕಣಜ್ಜ."

"ಅವ್ಳು ಏನಂದ್ಲಮ್ಮಿ ನಿಂಗೆ?"

"ಯಾರು? ಕುಡಿ ಮೊದ್ಲು."

ಗಟಗಟನೆ ಕುಡಿದು ಹೊರಟ. ನನ್ನನ್ನು ತಡಮಾಡಿಸಲು ಹೇಳಿಹೋದಳೇ? ಹಾಗಾದರೆ ಗುರುತು ಸಿಕ್ಕಿತೇ? ಮಗಳು ಸುಧಾಮಣಿಗೆ ಏನು ಹೇಳುವುದು? ಇಪ್ಪತ್ತು ವರ್ಷದ ಸಂಸಾರ ಇನ್ನೊಂದು ಗಂಟೆಯಲ್ಲಿ ಮುಗಿಯಲಿತ್ತು. ಕಾಲಿಗೆ ಎಲ್ಲಿಲ್ಲದ ಬಲ ಬಂತು. ಗೇರ್ ಸೈಕಲ್ಲಿನ ಇಬ್ಬರನ್ನು ಹಿಂದೆ ಹಾಕಿದ. "ನೋಡ್ರಲಾ ಅಜ್ಜನ್ನ!" ಎಂದು ರಸ್ತೆಬದಿಯವರು ಚಪ್ಪಾಳೆ ಹೊಡೆದರು.

ಗುಂಡ್ಲುಪೇಟೆಯ ಕಮಾನಿನ ಕೆಳಗೆ ನೀಲಿ ಅಂಗಿಯವನೊಬ್ಬ ಕಾದು ನಿಂತಿದ್ದ. ಸಪೂರ ಮೈ, ಚಪ್ಪಟೆ ಹೊಟ್ಟೆ. ಶಶಿರೇಖಾ ಸೈಕಲ್ ಒರಗಿಸಿ ನೇರ ಅವನ ಬಳಿಗೇ ಹೋದಳು. ನಕ್ಕಳು. ಅವನೂ ನಕ್ಕ.

ಸೋಮೇಶ್ ಅಪ್ಪನ ಸೈಕಲ್ಲನ್ನು ರಸ್ತೆಯಲ್ಲೇ ಕೆಡವಿ, ಹೆಲ್ಮೆಟ್ಟು ಮಾಸ್ಕು ಕಿತ್ತು ಎಸೆದು, ಇಬ್ಬರ ನಡುವೆ ನುಗ್ಗಿದ.

"ಯಾರೇ ಇವ್ನು?"

ಶಶಿರೇಖಾ ಬೆಚ್ಚಲಿಲ್ಲ. ಗಂಡನ ಮುಖವನ್ನು ದಿಟ್ಟಿಸಿದಳು. ಅವಳ ಕಣ್ಣು ತುಂಬಿತ್ತು.

"ಎದೆ ನೋಯ್ತಿದೆಯೇನ್ರಿ?" ಎಂದು ಕೇಳಿದಳು.

"ನೋಯ್ದೆ ಏನು! ನೀನ್ ಮಾಡಿರೋ ಕೆಲ್ಸಕ್ಕೆ!"

ನೀಲಿ ಅಂಗಿಯವನು ಅವನ ಮಣಿಕಟ್ಟು ಹಿಡಿದ. ಸೋಮೇಶ್ ಇನ್ನೊಂದು ಕೈಯ ಮುಷ್ಟಿ ಬಿಗಿದ. ಆದರೆ ಆ ಮನುಷ್ಯ ಜಗಳದ ಗೊಡವೆಯೇ ಇಲ್ಲದೆ ಗಡಿಯಾರ ನೋಡುತ್ತಿದ್ದ. ಆಮೇಲೆ ಜೇಬಿನಿಂದ ಸ್ಟೆತಾಸ್ಕೋಪ್ ತೆಗೆದು ಎದೆಗಿಟ್ಟ.

"ಆಸ್ಪತ್ರೆಗೂ ಬರಲ್ಲ, ವಾಕಿಂಗೂ ಹೋಗಲ್ಲ ಅಂತಿದ್ರಲ್ಲ ಮೇಡಂ," ಎಂದು ನಕ್ಕ ಡಾಕ್ಟರ್ ಚಂದ್ರಕುಮಾರ್, "ಇವರೇನಾ?"

ಶಶಿರೇಖಾ ಕಣ್ಣೊರೆಸಿಕೊಂಡು ಮೊಬೈಲ್ ಕಿವಿಗಿಟ್ಟಳು: "ಅತ್ತೆ, ನಾವಿಬ್ರೂ ಅಂದ್ಕಂಡಂಗೇ ಗುಂಡ್ಲುಪೇಟೆಗಂಟ ತುಳ್ಕಂಡೇ ಬಂದ್ಬುಟ್ರು, ನನ್ ಮೇಲೆ ಚಾಡಿ ಹೇಳೋದು ಇನ್ನು ಸಾಕು ಬುಡಿ."