ಮೂರು ಗುಟುಕು ಚಹಾ

"ಆ ದಿನ ಚಹಾಕ್ಕೆ ಮಂದ ಮಾಡೋ ಪುಡಿ ಬೆರೆಸಲಿಲ್ಲ, ಅಲ್ವೇನ್ರಿ?" ನ್ಯಾಯಮಂಡಳಿಯ ಹೆಂಗಸು ಕಡತ ತಿರುವುತ್ತ ಕೇಳಿದರು.

"ಇಲ್ಲ ಮೇಡಂ, ಬೆರೆಸ್ಲಿಲ್ಲ," ಎಂದಳು ವರ್ನಾ. ಪಕ್ಕದಲ್ಲಿದ್ದ ವಕೀಲೆ ಕಿರ್ಸ್ಟನ್ ಮೇಜಿನಡಿಯಲ್ಲಿ ಅವಳ ಕಾಲು ತುಳಿದಳು. "ಕೇಳಿದ್ದಕ್ಕಷ್ಟೇ ಉತ್ತರ ಕೊಡು. ಮಿಕ್ಕಿದ್ದಕ್ಕೆ ಬಾಯಿಗೆ ಬೀಗ," ಎಂದು ಬೆಳಗಿನಿಂದ ಹತ್ತು ಸಲ ಹೇಳಿದ್ದಳು.

ಟಾಸ್ಮೇನಿಯಾದ ಆ ಗಣಿಯೂರಿನ ವೃದ್ಧಾಶ್ರಮದಲ್ಲಿ ಮೂವತ್ತೊಂದು ವರ್ಷ ಮುದುಕರ ಮೈ ತೊಳೆದು, ತುತ್ತು ತಿನ್ನಿಸಿದವಳು ವರ್ನಾ. ಈಗ ಅಶಕ್ತರ ಹತ್ತಿರ ಸುಳಿಯಕೂಡದೆಂದು ಜೀವಮಾನದ ನಿಷೇಧ. ಇವತ್ತಿನ ಮೇಲ್ಮನವಿ ಬಿದ್ದುಹೋದರೆ ಆ ಕೆಲಸದ ಋಣ ಮುಗಿದಂತೆಯೇ.

ತಪ್ಪೇನೋ ತಪ್ಪೇ. ಪಾರ್ಶ್ವವಾಯು ಬಡಿದಿದ್ದ ಮರ್ವಿನ್ ಪ್ಯಾಸ್ಕೋಗೆ ನೀರನ್ನೂ ಪುಡಿ ಬೆರೆಸಿ ಗಂಜಿಯಂತೆ ಮಂದ ಮಾಡಿಯೇ ಕುಡಿಸಬೇಕು, ಇಲ್ಲವಾದರೆ ಶ್ವಾಸಕೋಶಕ್ಕೆ ಇಳಿದುಬಿಡುತ್ತದೆ. ವರ್ನಾಗೆ ಗೊತ್ತಿಲ್ಲದ್ದೇ? ಹೊಸಬರಿಗೆ ಅದನ್ನು ಕಲಿಸುತ್ತಿದ್ದವಳೇ ಅವಳು. ಆದರೆ ಆ ಮುದುಕ ಅವಳ ಅಪ್ಪನ ಜೊತೆ ಗಣಿಗಿಳಿದವನು. ಪಾಳಿ ಮುಗಿಸಿದ ಇಬ್ಬರೂ ಅಮ್ಮನ ಅಡುಗೆಮನೆಯಲ್ಲಿ ಕೂತು, ಧೂಳು ಮೆತ್ತಿದ ಕೈಯಲ್ಲೇ ಬಿಸಿ ಚಹಾ ಹೀರುತ್ತ ಬಿದ್ದು ಬಿದ್ದು ನಗುತ್ತಿದ್ದರು. ಆಹಾ, ಎಂಥ ನಗು ಅದು! ಆ ಅಡುಗೆಮನೆಯನ್ನು ಕಂಡವರಲ್ಲಿ ಈಗ ಉಳಿದಿರುವುದು ಮರ್ವಿನ್ ಮತ್ತು ಅವಳು, ಇಬ್ಬರೇ.

"ಲೇ ಹುಡುಗಿ, ನಿಮ್ಮಮ್ಮ ಇದ್ದಿದ್ರೆ ನಂಗೆ ಈ ಗೋಂದು ಕುಡಿಸ್ತಿದ್ಲೇನೇ?" ಎಂದಿದ್ದ ಅಂದು. ಅವಳು ಪುಡಿಯ ಡಬ್ಬಿಯನ್ನು ಬದಿಗೆ ಸರಿಸಿದ್ದಳು. ಕೊಟ್ಟದ್ದು ಮೂರೇ ಗುಟುಕು. ಆಮೇಲೆ ಕೆಮ್ಮು, ಜ್ವರ, ಐದು ವಾರ ಆಸ್ಪತ್ರೆ. ಮುದುಕ ಬದುಕಿ ಬಂದದ್ದೇ ದೊಡ್ಡದು.

"ನಾಳೆ ಅವರು ಮತ್ತೆ ಕೇಳಿದರೆ?" ಎಂದರು ನ್ಯಾಯಮಂಡಳಿಯ ಹೆಂಗಸು.

"ಕೊಡಲ್ಲ ಮೇಡಂ."

ಕಿರ್ಸ್ಟನ್‌ಳ ಮುಖ ಅರಳಿತು. ಅಷ್ಟು ಸಾಕಿತ್ತು. ವರ್ನಾಗೆ ತಡೆಯಲಾಗಲಿಲ್ಲ.

"ಮುದುಕರ ಆಸೆ ತೀರಿಸೋಕೆ ಹೋಗಿ ಸಿಕ್ಕಿಬಿದ್ದೆ ಅಂತ ಊರೆಲ್ಲ ಹೇಳ್ಕೊಂಡು ತಿರುಗಿದೆ ಮೇಡಂ. ಸುಳ್ಳು. ಅವರು ದಿನಾ ಕೇಳೋರು, ನಾನು ದಿನಾ ನಕ್ಕು ಮಾತು ಮರೆಸ್ತಿದ್ದೆ. ಆವತ್ತು ನಮ್ಮಪ್ಪ ತೀರ್ಕೊಂಡ ತಾರೀಕು. ಅಪ್ಪನ ಜೊತೆ ಅವರು ಚಹಾ ಹೀರ್ತಿದ್ದ ನಮ್ಮಮ್ಮನ ಅಡುಗೆಮನೆ ಇನ್ನೊಂದ್ಸಲ ನೋಡ್ಬೇಕು ಅಂತ ಆಸೆಯಾಗಿದ್ದು ನನಗೆ. ಅದಕ್ಕೆ ಅವರ ಗಂಟಲು ಬೇಕಾಯ್ತು."