ಕಾದಂಬರಿಯ ಕಡಲು

ಚಂಡಮಾರುತದ ಸುದ್ದಿ ಬಂದ ಸಂಜೆ ಕಡಲಂಚಿನ ಮನೆಗಳೆಲ್ಲ ಖಾಲಿಯಾದವು. ಮುತ್ತಕ್ಕ ಮಾತ್ರ ಜಗಲಿಯಿಂದ ಏಳಲಿಲ್ಲ. ಅವಳನ್ನು ಕರೆದೊಯ್ಯಲು ಕಾದಂಬರಿಕಾರ ತಾನೇ ಓಡಿ ಬಂದ. ಅವನು ಭಾಷಣ ಬಿಗಿದು ಮನೆಗೆ ಹೋಗುವ ಜಾತಿಯವನಲ್ಲ. ಭೂಮಿ ಬಿಸಿಯಾಗುತ್ತಿದೆ, ಕಡಲು ಏರುತ್ತಿದೆ ಎಂದು ಊರೂರು ಕೂಗಿ ಪೊಲೀಸರ ಲಾಠಿಯನ್ನೂ ತಿಂದವನು. ಈ ಮುದುಕಿಯ ಬದುಕನ್ನೇ ಅವನು ಕಾದಂಬರಿ ಮಾಡಿದ್ದ. ಓದುಗರಿಗೆ ಭರವಸೆ ಬೇಕು ಎಂದು ಪ್ರಕಾಶಕರು ಹಟ ಹಿಡಿದಾಗ ಅದರ ಕೊನೆಯ ಅಧ್ಯಾಯವನ್ನು ಬೇರೆಯೇ ಬರೆದುಕೊಟ್ಟಿದ್ದ.

“ಏಳು ಮುತ್ತಕ್ಕ, ರಸ್ತೆಯಲ್ಲಿ ಜೀಪು ನಿಂತಿದೆ.”

“ನಾನ್ ಬತ್ತಿಲ್ಲೆ. ನೀವ್ ಚಾ ಕುಡ್ದ್ ಹೋಯ್ನಿ.”

“ನಿಂಗೆ ಮರ್ಲಾ ಮಾರಾಯ್ತಿ? ಈ ಸಲ ಮನೆ ಉಳಿಯುವುದಿಲ್ಲ. ಇಲ್ಲೇ ಸಾಯ್ತೀಯ!”

ಮುತ್ತಕ್ಕ ನಕ್ಕಳು.

“ನಿಮ್ ಪುಸ್ತಕ ಮೊಮ್ಮಗಳ್ ಪೂರಾ ಓದಿ ಹೇಳಿದ್ಲ್. ನಮ್ಮ ಬಾವಿ, ಕುಂಟ್ ನಾಯಿ, ನನ್ ಗಂಡ ದೋಣಿ ಸಮೇತ ಹೋದ್ದ್, ಎಲ್ಲ ಇದ್ದ ಹಾಂಗೇ ಬರ್ದಿರಿ. ಒಂದ್ ಮಾತೂ ಸುಳ್ಳಿಲ್ಲೆ.”

“ಅದು ಕತೆ ಮುತ್ತಕ್ಕ!” ಅವನ ದನಿ ಒಡೆಯಿತು. “ಕೈ ಮುಗಿತೇನೆ, ಏಳು.”

ಅಲೆಯೊಂದು ಅಂಗಳ ದಾಟಿ ಬಂದು ಜಗಲಿಗೆ ಬಡಿಯಿತು. ಮುತ್ತಕ್ಕ ನೆನೆದ ಕಾಲನ್ನು ಮೇಲೆಳೆದುಕೊಂಡು ಅವನನ್ನೇ ಸಮಾಧಾನ ಮಾಡಿದಳು.

“ಹೆದ್ರಬೇಡಿ. ಕಡಲ್ ನನ್ ಹೊಸ್ತಿಲ್ ಮುಟ್ಟಿ ತಿರ್ಗಿ ಹೋಯ್ತ್ ಅಂದೇಳಿ ಕಡೀಗೆ ಬರ್ದದ್ದ್ ನೀವೇ ಅಲ್ದಾ?”